ವಿಯೆನ್ನಾದಲ್ಲಿ ಒಂದು ಸಂಜೆಯ ಕಚೇರಿ, ಎರಡು ರಾತ್ರಿಯ ಪ್ರವಾಸ: ಟಿಕೆಟ್‌ನಿಂದ ಮೊಸರನ್ನದವರೆಗೆ

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿದ್ದೇವೆ. ಅಕ್ಟೋಬರ್ ಕೊನೆಗೆ ಮೈಸೂರಿನಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಅಪ್ಪ ಕರ್ನಾಟಕ ಸಂಗೀತ ಕೇಳಿಕೊಂಡೇ ಬೆಳೆದವರು, ವಯಸ್ಸು 68, ಮಂಡಿ ನೋವಿದೆ. ವಿಯೆನ್ನಾದಲ್ಲಿ ಒಂದು ಸಂಜೆ ಅವರಿಗೆ ಒಳ್ಳೆಯ ಆರ್ಕೆಸ್ಟ್ರಾ ಕೇಳಿಸಬೇಕು ಅಂತ ಆಸೆ. ಶುಕ್ರವಾರ ಹೊರಟು ಭಾನುವಾರ ರಾತ್ರಿಯೊಳಗೆ ವಾಪಸ್ ಬರಬೇಕು. ಟಿಕೆಟ್ ಎಲ್ಲಿ ಕೊಳ್ಳುವುದು, ಯಾವ ಸೀಟು ಒಳ್ಳೆಯದು? ಕಚೇರಿಯ ದಿನವೇ ಶೋನ್‌ಬ್ರುನ್ ಅರಮನೆ ನೋಡಬಹುದೆ? ಇಬ್ಬರೂ ಸಸ್ಯಾಹಾರಿಗಳು, ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ.

ಉತ್ತರ: ಮೊದಲು ಕಚೇರಿಯ ಟಿಕೆಟ್ ಕೊಳ್ಳಿ. ರೈಲು, ಹೋಟೆಲ್ ಎಲ್ಲ ಅದಾದ ಮೇಲೆ. ಬಹುತೇಕರು ಇದನ್ನು ತಲೆಕೆಳಗು ಮಾಡುತ್ತಾರೆ. ಅಗ್ಗದ ರೈಲು ಟಿಕೆಟ್ ಕಂಡಿತು ಅಂತ ದಿನ ಗೊತ್ತು ಮಾಡಿಕೊಂಡು, ಆಮೇಲೆ ಆ ಸಂಜೆ ಊರಲ್ಲಿ ಏನಿದೆ ಅಂತ ಹುಡುಕುತ್ತಾರೆ. ಆಗ ಉಳಿದಿರುವುದು ಪ್ರವಾಸಿಗರಿಗೆಂದೇ ಮಾಡಿದ ಕಾರ್ಯಕ್ರಮ, ಇಲ್ಲವೆ ಕಂಬದ ಹಿಂದಿನ ಸೀಟು. ರೈಲು ದಿನಕ್ಕೆ ಹಲವು ಇವೆ, ನಿಮಗೆ ಬೇಕಾದ ಕಚೇರಿ ಒಂದೇ ಸಲ.

ದಿನ ಆರಿಸುವಾಗ ಅಕ್ಟೋಬರ್ ಕೊನೆಯ ಮೂರು ಸಂಗತಿ ನೆನಪಿರಲಿ. ಅಕ್ಟೋಬರ್ 26 ಆಸ್ಟ್ರಿಯಾದ ರಾಷ್ಟ್ರೀಯ ದಿನ. ಅಂದು ಯಾವ ವಾರವಾದರೂ ಅಂಗಡಿಗಳು ಮುಚ್ಚಿರುತ್ತವೆ, ಅದು ವಾರಾಂತ್ಯಕ್ಕೆ ಅಂಟಿಕೊಂಡು ಬಂದರೆ ಹೋಟೆಲ್ ದರ ಏರುತ್ತದೆ. ನವೆಂಬರ್ 1 ಆಸ್ಟ್ರಿಯಾದಲ್ಲೂ ಬವೇರಿಯಾದಲ್ಲೂ ರಜೆ, ರೈಲುಗಳು ಕಿಕ್ಕಿರಿಯುತ್ತವೆ. ಅಕ್ಟೋಬರ್‌ನ ಕೊನೆಯ ಭಾನುವಾರ ನಸುಕಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಫೋನ್ ತಾನಾಗಿ ಬದಲಾಗುತ್ತದೆ, ನಿಮ್ಮ ತಂದೆಯವರ ಕೈಗಡಿಯಾರ ಬದಲಾಗುವುದಿಲ್ಲ. ಒಂದು ಗಂಟೆ ನಿದ್ದೆ ಲಾಭ ಅನ್ನುವುದು ಬಿಟ್ಟರೆ ತೊಂದರೆಯೇನಿಲ್ಲ. ಕಚೇರಿ ಋತುವಿನ ದೃಷ್ಟಿಯಿಂದ ಅಕ್ಟೋಬರ್ ಒಳ್ಳೆಯ ತಿಂಗಳು. ಇದೇ ಪ್ರಶ್ನೆ ಜುಲೈ, ಆಗಸ್ಟ್ ಬಗ್ಗೆ ಬಂದಿದ್ದರೆ ಬೇರೆ ಊರು ನೋಡಿ ಅನ್ನಬೇಕಾಗುತ್ತಿತ್ತು. ಆ ಎರಡು ತಿಂಗಳು ಓಪರಾಕ್ಕೆ (ಆರ್ಕೆಸ್ಟ್ರಾ ಜೊತೆಗಿನ ಹಾಡಿನ ನಾಟಕ) ಬಿಡುವು, ದೊಡ್ಡ ಆರ್ಕೆಸ್ಟ್ರಾಗಳೂ ಊರಲ್ಲಿರುವುದಿಲ್ಲ.

ವಿಯೆನ್ನಾ ಅಂದ ಕೂಡಲೇ ಎಲ್ಲರೂ ಕೇಳುವುದು ಮುಜೀಕ್‌ಫೆರೈನ್ ಎಂಬ ಕಟ್ಟಡದ ಚಿನ್ನದ ಸಭಾಂಗಣದಲ್ಲಿ ವಿಯೆನ್ನಾ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ. ಹೊಸ ವರ್ಷದ ದಿನ ಟಿವಿಯಲ್ಲಿ ಬರುವುದು ಅದೇ. ಆದರೆ ಅವರ ನಿಯಮಿತ ಚಂದಾ ಕಚೇರಿಗಳು ನಡೆಯುವುದು ಶನಿವಾರ ಮಧ್ಯಾಹ್ನ 3:30ಕ್ಕೆ ಮತ್ತು ಭಾನುವಾರ ಬೆಳಿಗ್ಗೆ 11ಕ್ಕೆ. ಸಂಜೆಯದ್ದಲ್ಲ. ಸೀಟುಗಳು ಚಂದಾದಾರರ ಕೈಯಲ್ಲಿರುತ್ತವೆ, ಚಂದಾ ಸಿಗಲು ವರ್ಷಗಟ್ಟಲೆ ಸರದಿ. ಬಾರದವರು ಮರಳಿಸಿದ ಟಿಕೆಟ್‌ಗಳು ಆರ್ಕೆಸ್ಟ್ರಾದ ಸ್ವಂತ ಟಿಕೆಟ್ ಆಫೀಸಿನಲ್ಲಿ (ಕ್ಯಾರ್ನ್‌ಟ್ನರ್ ರಿಂಗ್ 12) ಸಿಗುವುದುಂಟು. ಅದನ್ನು ನಂಬಿಕೊಂಡು ವಯಸ್ಸಾದವರನ್ನು ಕರೆದುಕೊಂಡು ಹೊರಡಬೇಡಿ.

ಇಲ್ಲೊಂದು ಉಪಾಯವಿದೆ. ಫಿಲ್ಹಾರ್ಮೋನಿಕ್‌ನ ವಾದಕರು ಬರುವುದೇ ವಿಯೆನ್ನಾ ಸರ್ಕಾರಿ ಓಪರಾದ ಆರ್ಕೆಸ್ಟ್ರಾದಿಂದ. 1842ರಲ್ಲಿ ಶುರುವಾದಾಗಿನಿಂದ ಆ ಸಂಬಂಧ ಹಾಗೇ ಇದೆ. ಹಾಗಾಗಿ ಓಪರಾ ಇರುವ ಸಂಜೆ ವೇದಿಕೆಯ ಮುಂದಿನ ತಗ್ಗಿನಲ್ಲಿ ಕೂತು ನುಡಿಸುವವರು ಬಹುಮಟ್ಟಿಗೆ ಅವರೇ. ಪ್ರತಿ ಸೀಟಿನ ಮುಂದೆ ಪುಟ್ಟ ಪರದೆಯಲ್ಲಿ ಹಾಡಿನ ಅರ್ಥ ಇಂಗ್ಲಿಷಿನಲ್ಲೂ ಬರುತ್ತದೆ. ಓಪರಾ ಆರಿಸಿದರೆ ಆರಂಭದ ವೇಳೆ ಎರಡು ಸಲ ನೋಡಿ. ಉದ್ದನೆಯ ವಾಗ್ನರ್ ಓಪರಾಗಳು ಸಂಜೆ ನಾಲ್ಕಕ್ಕೋ ಐದಕ್ಕೋ ಶುರುವಾಗುತ್ತವೆ. ಏಳಕ್ಕೆ ಹೋದವರಿಗೆ ಒಂದಿಡೀ ಅಂಕ ತಪ್ಪಿರುತ್ತದೆ.

ನಿಮ್ಮ ತಂದೆಯವರಿಗಾದರೆ ಓಪರಾಕ್ಕಿಂತ ಆರ್ಕೆಸ್ಟ್ರಾ ಕಚೇರಿಯೇ ಸರಿ, ಅದರಲ್ಲೂ ಪಿಟೀಲು ಕಾನ್ಸರ್ಟೊ (ಒಬ್ಬ ಪಿಟೀಲುವಾದಕರು ಆರ್ಕೆಸ್ಟ್ರಾ ಜೊತೆ ಮುಂದಾಗಿ ನುಡಿಸುವ ಕೃತಿ) ಇರುವ ಸಂಜೆ. ಕಿವಿಗೆ ಪರಿಚಯವಿರುವ ವಾದ್ಯವೊಂದು ನಡುವೆ ನಿಂತಿದ್ದರೆ ಉಳಿದ ಎಂಬತ್ತು ಜನರ ಸದ್ದಿನೊಳಗೆ ದಾರಿ ಸಿಗುತ್ತದೆ. ಒಂದು ಹಂತದಲ್ಲಿ ಇಡೀ ಆರ್ಕೆಸ್ಟ್ರಾ ಸುಮ್ಮನಾಗಿ ಪಿಟೀಲು ಒಂಟಿಯಾಗಿ ನುಡಿಯುತ್ತದೆ. ಅದನ್ನು ಕ್ಯಾಡೆನ್ಸಾ ಅನ್ನುತ್ತಾರೆ, ಅದನ್ನು ಕಾಯುತ್ತಿರಲು ಮೊದಲೇ ಹೇಳಿಡಿ. ಇನ್ನೊಂದು ಮಾತನ್ನೂ ಹೇಳಿ: ಇಲ್ಲಿ ಮೈಕ್ ಇಲ್ಲ. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದರು. ಇಲ್ಲಿ ಆ ಕೆಲಸ ಮಾಡುವುದು ಕಟ್ಟಡ. 1870ರ ಜನವರಿಯಲ್ಲಿ ತೆರೆದ, ಥಿಯೋಫಿಲ್ ಹಾನ್ಸನ್ ಕಟ್ಟಿದ ಮುಜೀಕ್‌ಫೆರೈನ್‌ನ ಚಿನ್ನದ ಸಭಾಂಗಣ ಚಪ್ಪಲಿ ಡಬ್ಬಿಯ ಆಕಾರದ್ದು. ಉದ್ದ ಸುಮಾರು 49 ಮೀಟರ್, ಅಗಲ 19, ಎತ್ತರ 18. ಗೋಡೆಗಳು ಹತ್ತಿರವಿರುವುದರಿಂದ ನಾದ ಪಕ್ಕದಿಂದ ಬೇಗ ಮರಳುತ್ತದೆ, ನೆಲದ ಹಲಗೆಯ ಕೆಳಗೆ ಟೊಳ್ಳಿದೆ, ಸಭೆ ತುಂಬಿದ್ದಾಗಲೂ ನಾದ ಸುಮಾರು ಎರಡು ಸೆಕೆಂಡು ನಿಲ್ಲುತ್ತದೆ. ತಂಬೂರಿಯ ನಡುವೆ ಕೂತು ಅಭ್ಯಾಸವಿರುವವರಿಗೆ ಇದು ತಕ್ಷಣ ಗೊತ್ತಾಗುತ್ತದೆ.

ಈ ಸಭಾಂಗಣದಲ್ಲಿ ಸಂಜೆ 7:30ಕ್ಕೆ ನುಡಿಸುವ ಬೇರೆ ಒಳ್ಳೆಯ ತಂಡಗಳಿವೆ: 1900ರಲ್ಲಿ ಶುರುವಾದ ವೀನರ್ ಸಿಂಫೋನಿಕರ್, ಆಸ್ಟ್ರಿಯಾ ರೇಡಿಯೋದ ಆರ್‌ಎಸ್‌ಒ, ಟೋನ್‌ಕ್ಯುನ್ಸ್‌ಟ್ಲರ್, ಜೊತೆಗೆ ಹೊರದೇಶಗಳಿಂದ ಬರುವ ಆರ್ಕೆಸ್ಟ್ರಾಗಳು. ಅಲ್ಲಿ ಸಿಗದಿದ್ದರೆ ನಡೆದುಹೋಗುವ ದೂರದಲ್ಲೇ 1913ರ ಕೊಂಟ್ಸರ್ಟ್‌ಹೌಸ್ ಇದೆ. ಅಲ್ಲಿ ಕೇಳಿದವರು ಬೇಸರಪಟ್ಟುಕೊಂಡು ಬರುವುದು ಕಡಿಮೆ. ಟಿಕೆಟ್ ಮಾತ್ರ ಆಯಾ ಸಭಾಂಗಣದ ಸ್ವಂತ ತಾಣದಲ್ಲೇ ಕೊಳ್ಳಿ. ಹುಡುಕಿದಾಗ ಮೇಲೆ ಬರುವ ಮರುಮಾರಾಟದ ತಾಣಗಳು ಅದೇ ಸೀಟಿಗೆ ಹೆಚ್ಚು ಹಣ ಕೇಳುತ್ತವೆ, ಸೀಟಿನ ಸಂಖ್ಯೆಯನ್ನು ಕೊನೆವರೆಗೂ ಹೇಳುವುದಿಲ್ಲ.

ಸ್ಟೆಫಾನ್ಸ್‌ಡೋಮ್ ಚರ್ಚಿನ ಸುತ್ತ, ಓಪರಾದ ಮುಂದೆ ಬಿಳಿ ಟೋಪನ್ನು, ಕೆಂಪು ಕೋಟು ಹಾಕಿಕೊಂಡು ಮೊಜಾರ್ಟ್ ವೇಷದಲ್ಲಿ ಟಿಕೆಟ್ ಮಾರುವವರು ಅಡ್ಡ ಬರುತ್ತಾರೆ. ಅವರದ್ದು ಮೋಸವೇನಲ್ಲ, ಬೇರೆ ಸರಕು. ಜನಪ್ರಿಯ ತುಣುಕುಗಳನ್ನು ಒಂದರ ಹಿಂದೊಂದು ನುಡಿಸುತ್ತಾರೆ. ದೇವರನಾಮಗಳ ಮೆಡ್ಲಿ ಕೇಳಿದ ಹಾಗೆ. ಇಂಥ ಕೆಲವು ಕಾರ್ಯಕ್ರಮಗಳು ಚಿನ್ನದ ಸಭಾಂಗಣದಲ್ಲೇ ನಡೆಯುವುದರಿಂದ ಸಭಾಂಗಣದ ಹೆಸರು ನೋಡಿ ನಿರ್ಧರಿಸಬೇಡಿ. ಕಾರ್ಯಕ್ರಮದ ಪುಟದಲ್ಲಿ ಆರ್ಕೆಸ್ಟ್ರಾ ನಡೆಸುವ ನಿರ್ದೇಶಕರ (ಕಂಡಕ್ಟರ್) ಹೆಸರು, ಏಕವಾದಕರ ಹೆಸರು, ಪೂರ್ಣ ಕೃತಿಗಳ ಪಟ್ಟಿ ಈ ಮೂರೂ ಇದ್ದರೆ ಅದು ನಿಮಗೆ ಬೇಕಾದ ಕಚೇರಿ. ‘ಮೊಜಾರ್ಟ್ ಮತ್ತು ಸ್ಟ್ರಾಸ್‌ರ ಮಧುರ ಸಂಜೆ’ ಎಂಬ ಧಾಟಿಯ ಶೀರ್ಷಿಕೆ, ಜೊತೆಗೆ ಊಟದ ಪ್ಯಾಕೇಜು ಇದ್ದರೆ ಮುಂದೆ ಹೋಗಿ.

ಇನ್ನು ಸೀಟು. ಚಿನ್ನದ ಸಭಾಂಗಣದಲ್ಲಿ ಕೂರುವ ಜಾಗ 1,744, ನಿಲ್ಲುವ ಜಾಗ ಸುಮಾರು 300. ಕೇಳುವುದಕ್ಕೆ ಬಹುತೇಕ ಎಲ್ಲ ಕಡೆಯೂ ಚೆನ್ನ, ನೋಡುವುದಕ್ಕೆ ಅಲ್ಲ. ಪಾರ್ಟೆರ್ ಎಂದರೆ ನೆಲಮಟ್ಟ. ಅದು ಸಮತಟ್ಟು, ಸಿನೆಮಾ ಮಂದಿರದ ಹಾಗೆ ಹಿಂದಕ್ಕೆ ಏರಿಲ್ಲ. ಹಿಂದಿನ ಸಾಲುಗಳಲ್ಲಿ ಕೂತವರಿಗೆ ಕಾಣುವುದು ಮುಂದಿನವರ ತಲೆ. ತೀರಾ ಮುಂದೆ ಕೂತರೆ ಪಿಟೀಲಿನವರ ಬೂಟು ಕಾಣುತ್ತದೆ, ಹಿಂದಿರುವ ಕೊಳಲು-ಕಹಳೆಯವರು ಕಾಣುವುದಿಲ್ಲ. ಪಕ್ಕದ ಲೋಜ್‌ಗಳಲ್ಲಿ (ಗೋಡೆಬದಿಯ ಪುಟ್ಟ ಖಾನೆಗಳು) ಮೊದಲ ಸಾಲು ಪರವಾಗಿಲ್ಲ. ಎರಡನೆಯ, ಮೂರನೆಯ ಸಾಲಿನಲ್ಲಿ ಕೂತರೆ ಕಾಣುವುದು ಎದುರುಗೋಡೆಯ ಚಿನ್ನದ ಬಣ್ಣವಷ್ಟೇ. ಕಾಣಬೇಕಾದರೆ ಎದ್ದು ನಿಲ್ಲಬೇಕು, ಮಂಡಿ ನೋವಿನವರಿಗೆ ಇದು ಆಗದ ಮಾತು. ಟಿಕೆಟ್ ಪುಟದಲ್ಲಿ ‘ಜಿಖ್ಟ್‌ಬೆಹಿಂಡರುಂಗ್’ ಅಂತ ಬರೆದಿದ್ದರೆ ನೋಟಕ್ಕೆ ಅಡ್ಡಿ ಇದೆ ಎಂದರ್ಥ. ‘ಷ್ಟೇಪ್ಲಾಟ್ಸ್’ ಎಂದರೆ ನಿಲ್ಲುವ ಜಾಗ. ಅತಿ ಅಗ್ಗ, ಸಂಖ್ಯೆ ಇರುವುದಿಲ್ಲ, ಬೇಗ ಹೋದವರಿಗೆ ಕಂಬಿ ಹಿಡಿದು ನಿಲ್ಲುವ ಭಾಗ್ಯ. ವಿದ್ಯಾರ್ಥಿಗಳಿಗೆ ಸರಿ. ‘ಪೋಡಿಯುಮ್’ ಎಂದರೆ ವೇದಿಕೆಯ ಮೇಲೆಯೇ, ಆರ್ಕೆಸ್ಟ್ರಾದ ಪಕ್ಕದಲ್ಲಿ. ನಿರ್ದೇಶಕರ ಮುಖ ಕಾಣುತ್ತದೆ, ಆದರೆ ಪಕ್ಕದ ನಗಾರಿಯೇ ಕಚೇರಿಯೆಲ್ಲ ನುಂಗಿಬಿಡುತ್ತದೆ. ಮೊದಲ ಸಲಕ್ಕೆ ಬೇಡ.

ನಿಮ್ಮ ನಾಲ್ವರಿಗೆ ಪಾರ್ಟೆರ್‌ನ 8ರಿಂದ 15ನೇ ಸಾಲು, ನಡುದಾರಿಯ ಪಕ್ಕದ ಸೀಟುಗಳನ್ನು ಹುಡುಕಿ. ಅಂಚಿನದ್ದು ತಂದೆಯವರಿಗೆ, ಕಾಲು ಚಾಚಲು ಜಾಗ ಬೇಕು. ಸಾಲುಗಳ ನಡುವೆ ಸ್ಥಳ ಕಡಿಮೆ. ‘ಲಿಂಕ್ಸ್’ ಎಡ, ‘ರೆಖ್ಟ್ಸ್’ ಬಲ, ‘ರೈಹೆ’ ಸಾಲು, ‘ಪ್ಲಾಟ್ಸ್’ ಸೀಟು. ಎಡ-ಬಲಕ್ಕೆ ಬೇರೆ ಬೇರೆ ಬಾಗಿಲಿರುವುದರಿಂದ ಇದನ್ನು ಮೊದಲೇ ಓದಿಕೊಂಡರೆ ಕೊನೆ ಗಳಿಗೆಯ ಓಡಾಟ ತಪ್ಪುತ್ತದೆ. ಅದು ಸಿಗದಿದ್ದರೆ ವೇದಿಕೆಗೆ ನೇರ ಎದುರಿನ ‘ಬಾಲ್ಕೋನ್ ಮಿಟ್ಟೆ’ ಚೆನ್ನಾಗಿರುತ್ತದೆ, ಆದರೆ ಮೇಲೆ ಹೋಗಬೇಕು. ಲಿಫ್ಟ್ ವ್ಯವಸ್ಥೆ ಬೇಕೆಂದು ಟಿಕೆಟ್ ಮಾಡುವಾಗಲೇ ತಿಳಿಸಿ, ಅಲ್ಲಿ ಹೋಗಿ ಕೇಳುವುದಕ್ಕಿಂತ ಸಲೀಸು. ಎಲ್ಲ ಮುಗಿದಿದೆ ಅಂತ ತೋರಿಸಿದರೂ ಕಚೇರಿಗೆ ಒಂದು ವಾರ ಇರುವಾಗ ದಿನಕ್ಕೊಮ್ಮೆ ನೋಡುತ್ತಿರಿ. ಮರಳಿ ಬಂದ ಸೀಟುಗಳು ಬಿಡಿಬಿಡಿಯಾಗಿ ಕಾಣಿಸಿಕೊಳ್ಳುತ್ತವೆ. ಎರಡೆರಡಾಗಿ ಕೂರಲು ತಯಾರಿದ್ದರೆ ಸಿಗುವ ಸಾಧ್ಯತೆ ಹೆಚ್ಚು.

ಕಚೇರಿ ಶನಿವಾರ ಸಂಜೆಗೇ ಇರಲಿ. ಶುಕ್ರವಾರ ಸಂಜೆಗೆ ಟಿಕೆಟ್ ಮಾಡಿ ಅಂದೇ ಮ್ಯೂನಿಕ್‌ನಿಂದ ಹೊರಡುವುದು ಜೂಜು. ರೈಲ್‌ಜೆಟ್ ಎಂಬ ವೇಗದ ರೈಲಿಗೆ ಹೆಚ್ಚುಕಡಿಮೆ ನಾಲ್ಕು ಗಂಟೆ ಹಿಡಿಯುತ್ತದೆ, ತಡವಾಗುವುದು ಸಾಮಾನ್ಯವಾಗಿ ಸಾಲ್ಜ್‌ಬರ್ಗ್‌ಗೆ ಮುಂಚಿನ ಜರ್ಮನಿ ಭಾಗದಲ್ಲಿ. ಯುರೋಪಿನ ನಿಯಮದಂತೆ ಒಂದು ಗಂಟೆ ತಡವಾದರೆ ರೈಲು ದರದ ಕಾಲುಭಾಗ, ಎರಡು ಗಂಟೆಯಾದರೆ ಅರ್ಧ ವಾಪಸ್ ಬರುತ್ತದೆ. ತಪ್ಪಿಹೋದ ಕಚೇರಿ ಟಿಕೆಟ್‌ಗೆ ರೈಲಿನವರು ಏನೂ ಕೊಡುವುದಿಲ್ಲ.

ರೈಲು ಟಿಕೆಟ್‌ನಲ್ಲಿ ಮೂರು ಎಡವಟ್ಟುಗಳಿವೆ. ಒಂದು, ಅಗ್ಗದ ‘ಷ್ಪಾರ್‌ಷೀನೆ’ ಟಿಕೆಟ್ ಆ ಒಂದೇ ರೈಲಿಗೆ, ಹಣ ವಾಪಸಿಲ್ಲ. ಎರಡು, ಟಿಕೆಟ್ ಇದ್ದ ಮಾತ್ರಕ್ಕೆ ಸೀಟು ಇದೆ ಅಂತಲ್ಲ. ಸೀಟು ಕಾಯ್ದಿರಿಸಲು ಕೆಲವು ಯೂರೋ ಪ್ರತ್ಯೇಕ. ಭಾನುವಾರ ಮಧ್ಯಾಹ್ನದ ಕೆಲವು ರೈಲು ಬುಡಾಪೆಸ್ಟ್‌ನಿಂದಲೇ ತುಂಬಿಕೊಂಡು ಬರುತ್ತವೆ, ಆ ಕೆಲವು ಯೂರೋ ಉಳಿಸಲು ಹೋದರೆ ಹಿರಿಯರು ನಾಲ್ಕು ಗಂಟೆ ನಿಲ್ಲಬೇಕಾದೀತು. ಮೂರು, ನಿಲ್ದಾಣದ ಹೆಸರು. ರೈಲ್‌ಜೆಟ್ ಹೌಪ್ಟ್‌ಬಾನ್‌ಹೋಫ್‌ಗೆ (ಮುಖ್ಯ ನಿಲ್ದಾಣ) ಹೋಗುತ್ತದೆ, ಖಾಸಗಿ ವೆಸ್ಟ್‌ಬಾನ್ ಕಂಪನಿಯ ರೈಲು ಹೋಗುವುದು ವೆಸ್ಟ್‌ಬಾನ್‌ಹೋಫ್‌ಗೆ. ಎರಡೂ ಊರಿನ ಬೇರೆ ಬೇರೆ ಮೂಲೆಯಲ್ಲಿವೆ. ಮತ್ತೆ, ನಿಮ್ಮಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ (ಜರ್ಮನಿಯ ತಿಂಗಳ ಪಾಸು) ಇದ್ದರೆ ಅದು ಸಾಲ್ಜ್‌ಬರ್ಗ್‌ವರೆಗಿನ ಪ್ರಾದೇಶಿಕ ರೈಲಿಗೆ ನಡೆಯುತ್ತದೆಯೇ ಹೊರತು ರೈಲ್‌ಜೆಟ್‌ಗಲ್ಲ.

ಹೋಟೆಲನ್ನು ಯು1 ಮೆಟ್ರೋ ಮಾರ್ಗದಲ್ಲಿ, ಹೌಪ್ಟ್‌ಬಾನ್‌ಹೋಫ್ ಮತ್ತು ಕಾರ್ಲ್ಸ್‌ಪ್ಲಾಟ್ಸ್ ನಡುವೆ ಹಿಡಿಯಿರಿ. ಎರಡರ ನಡುವೆ ಇರುವುದು ಒಂದೇ ನಿಲ್ದಾಣ, ಟೌಬ್‌ಸ್ಟುಮ್ಮನ್‌ಗಾಸೆ. ಮುಜೀಕ್‌ಫೆರೈನ್ ಕಾರ್ಲ್ಸ್‌ಪ್ಲಾಟ್ಸ್‌ನಿಂದ ನಾಲ್ಕೈದು ನಿಮಿಷದ ನಡಿಗೆ. ಆದರೆ ಅದು ಮೂರು ಮಾರ್ಗ ಸೇರುವ ದೊಡ್ಡ ನಿಲ್ದಾಣ, ತಪ್ಪು ದಾರಿಯಲ್ಲಿ ಮೇಲೆ ಬಂದರೆ ಅಗಲದ ರಸ್ತೆಯ ಆಚೆ ಇರುತ್ತೀರಿ. ಹಗಲಲ್ಲೇ ಒಮ್ಮೆ ಆ ದಾರಿ ನಡೆದು ನೋಡಿ. ನಮ್ಮ ಮೆಟ್ರೋದ ಹಾಗೆ ಇಲ್ಲಿ ಗೇಟುಗಳಿಲ್ಲ. ಕಾಗದದ ಟಿಕೆಟ್ ಆದರೆ ಪ್ಲಾಟ್‌ಫಾರ್ಮಿಗೆ ಇಳಿಯುವ ಮುಂಚೆ ನೀಲಿ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಒತ್ತಿಸಬೇಕು. ಟಿಕೆಟ್ ಕೊಂಡಿದ್ದರೂ ಮುದ್ರೆ ಇಲ್ಲದಿದ್ದರೆ ದಂಡ ತಲೆಗೆ 100 ಯೂರೋಗೂ ಮೇಲೆ.

ಶನಿವಾರವನ್ನು ಸಂಜೆ 7:30ರಿಂದ ಹಿಂದಕ್ಕೆ ಎಣಿಸಿ. ಏಳಕ್ಕೆ ಬಾಗಿಲಲ್ಲಿರಬೇಕು, 6:30ಕ್ಕೆ ಹೋಟೆಲ್ ಬಿಡಬೇಕು, 5:15ಕ್ಕೆ ಒಂದಿಷ್ಟು ತಿಂದಿರಬೇಕು, ಅದಕ್ಕೂ ಮುಂಚೆ ಎರಡು ಗಂಟೆ ಕಾಲು ಚಾಚಿ ಮಲಗಿರಬೇಕು. ಅಂದರೆ ಮಧ್ಯಾಹ್ನ 2:30ಕ್ಕೆ ಕೋಣೆಯಲ್ಲಿರಬೇಕು. ಇಡೀ ದಿನ ಸುತ್ತಿ ನೇರ ಸಭಾಂಗಣಕ್ಕೆ ಬಂದವರು ಎರಡನೆಯ ಕೃತಿಗೆ ತೂಕಡಿಸುತ್ತಾರೆ, ಬೆಚ್ಚಗಿನ ಸಭೆಯಲ್ಲಿ ನಿಧಾನ ಗತಿಯ ಭಾಗ ಬಂದಾಗ ಯಾರ ತಪ್ಪೂ ಅಲ್ಲ. ಶೋನ್‌ಬ್ರುನ್ ಬೆಳಿಗ್ಗೆಗೆ ಸರಿಹೋಗುತ್ತದೆ. ಯು4 ಕಾರ್ಲ್ಸ್‌ಪ್ಲಾಟ್ಸ್‌ನಿಂದ ನೇರ ಅರಮನೆಯ ಹತ್ತಿರಕ್ಕೇ ಹೋಗುತ್ತದೆ. ಒಳಗಿನ ಪ್ರವೇಶಕ್ಕೆ ಗಂಟೆ-ನಿಮಿಷ ನಿಗದಿಯಾದ ಟಿಕೆಟ್, ಆದಷ್ಟು ಮುಂಜಾನೆಯದ್ದು ತೆಗೆದುಕೊಳ್ಳಿ. ಒಳಗೆ ಒಂದು ಗಂಟೆ, ಹೂತೋಟದಲ್ಲಿ ಅರ್ಧ ಗಂಟೆ. ಗುಡ್ಡದ ಮೇಲಿನ ಗ್ಲೋರಿಯೆಟ್ ಮಂಟಪಕ್ಕೆ ಹತ್ತಿಸಬೇಡಿ. ಮೈಸೂರಿನ ಅರಮನೆ ಕಂಡವರಿಗೆ ಒಳಗಿನ ವೈಭವ ಬೆರಗು ಹುಟ್ಟಿಸದೆಯೂ ಇರಬಹುದು, ಕಾಲು ನೋವನ್ನಂತೂ ಹುಟ್ಟಿಸುತ್ತದೆ.

ಊಟದ ವಿಷಯದಲ್ಲಿ ಸಾರುಗಳ ಮೇಲೆ ಕಣ್ಣಿರಲಿ. ಫ್ರಿಟಾಟನ್‌ಸೂಪ್ಪೆ, ಗ್ರೀಸ್‌ನೋಕರ್ಲ್‌ಸೂಪ್ಪೆ ನೋಡಲು ರವೆ, ದೋಸೆ ಚೂರು ಹಾಕಿದ ತಿಳಿಸಾರು. ನೀರು ಮಾತ್ರ ದನದ ಮಾಂಸ ಬೇಯಿಸಿದ್ದು. ಆಲೂಗೆಡ್ಡೆ ಸೂಪಿಗೂ ಹಂದಿ ಕೊಬ್ಬಿನ ಚೂರು ಹಾಕುವವರಿದ್ದಾರೆ. ‘ಮಾಂಸ ಇದೆಯಾ’ ಅಂತ ಕೇಳಿದರೆ ಸಾಲದು, ‘ರಿಂಡ್‌ಸೂಪ್ಪೆ (ದನದ ಮಾಂಸದ ಸಾರು) ಹಾಕಿದ್ದೀರಾ’ ಅಂತ ಕೇಳಿ. ಮೊಟ್ಟೆಗೆ ಸುಲಭದ ದಾರಿಯಿದೆ. ಆಸ್ಟ್ರಿಯಾದ ಮೆನುಗಳಲ್ಲಿ ತಿಂಡಿಯ ಹೆಸರಿನ ಪಕ್ಕ ಅಲರ್ಜಿ ಸೂಚಿಸುವ ಅಕ್ಷರಗಳಿರುತ್ತವೆ: ಎ ಗೋಧಿ ಮೊದಲಾದವು, ಸಿ ಮೊಟ್ಟೆ, ಡಿ ಮೀನು, ಜಿ ಹಾಲು. ಸಿ ಇದ್ದದ್ದನ್ನು ಅಮ್ಮನವರಿಗೆ ಬಿಡಿ. ಇಲ್ಲಿನ ಹೆಸರಾಂತ ಸಿಹಿಗಳಾದ ಝಾಖರ್‌ಟೋರ್ಟೆ, ಕೈಸರ್‌ಷ್ಮಾರ್ನ್ ಎರಡಕ್ಕೂ ಮೊಟ್ಟೆ ಬೀಳುತ್ತದೆ. ಕಚೇರಿಗೆ ಮುಂಚಿನ ತಿಂಡಿಗೆ ನಾಶ್‌ಮಾರ್ಕ್ಟ್ ಸಂತೆ ಹತ್ತಿರ, ಫಲಾಫೆಲ್, ಹಮ್ಮಸ್ ಸಿಗುತ್ತವೆ. ಭಾನುವಾರ ಸಂತೆಗೆ ರಜೆ.

ಕಚೇರಿ ಬಿಡುವುದು 9:30ರ ಆಸುಪಾಸು. ಅಷ್ಟು ಹೊತ್ತಿಗೆ ಹಲವು ಹೋಟೆಲುಗಳ ಅಡುಗೆಮನೆ ಮುಚ್ಚುವ ಸಿದ್ಧತೆಯಲ್ಲಿರುತ್ತದೆ, ಓಪರಾ ಹಿಂದಿನ ಗೂಡಂಗಡಿಯಲ್ಲಿ ಸಿಗುವುದು ಸಾಸೇಜು. ಅಡುಗೆಮನೆ ಇರುವ ಕೋಣೆ ಹಿಡಿದು, ಶನಿವಾರ ಮಧ್ಯಾಹ್ನವೇ ಅನ್ನ ಮಾಡಿಟ್ಟು ‘ನಾಟೂರ್‌ಯೋಗುರ್ಟ್’ (ಸಕ್ಕರೆ, ಹಣ್ಣು ಬೆರೆಸದ ಮೊಸರು) ತಂದಿಟ್ಟುಕೊಂಡರೆ ರಾತ್ರಿ ಹತ್ತಕ್ಕೆ ಮೊಸರನ್ನ ತಯಾರು. ಸೂಪರ್ ಮಾರ್ಕೆಟ್‌ಗಳು ಶನಿವಾರ ಸಂಜೆ ಆರಕ್ಕೆ ಮುಚ್ಚಿದರೆ ಸೋಮವಾರವೇ ತೆರೆಯುವುದು. ಭಾನುವಾರ ಹಾಲು ಬೇಕಾದರೆ ಹೌಪ್ಟ್‌ಬಾನ್‌ಹೋಫ್ ಒಳಗಿನ ಅಂಗಡಿಗೆ ಹೋಗಬೇಕು, ಉದ್ದನೆಯ ಸಾಲು. ಕುಡಿಯುವ ನೀರು ಕೊಳ್ಳಬೇಡಿ. ಆಲ್ಪ್ಸ್ ಬೆಟ್ಟದ ಊಟೆಗಳ ನೀರು 1873ರಿಂದ ಕೊಳವೆಯಲ್ಲಿ ಊರಿಗೆ ಬರುತ್ತಿದೆ, ನಲ್ಲಿಯದ್ದೇ ಕುಡಿಯಿರಿ.

ಉಡುಪಿಗೆ ಕಟ್ಟುಪಾಡಿಲ್ಲ. ಮೈಸೂರು ರೇಷ್ಮೆ ಸೀರೆ ಧಾರಾಳವಾಗಿ ಸಲ್ಲುತ್ತದೆ, ಆದರೆ ಗಾಜಿನ ಬಳೆ ಹೋಟೆಲಲ್ಲೇ ಇರಲಿ. ಮೈಕ್ ಇಲ್ಲದ ಸಭೆಯಲ್ಲಿ ಕೈ ಸರಿಸಿದಾಗಿನ ಕಿಣಿ ಸದ್ದು ನಾಲ್ಕು ಸಾಲಿಗೆ ಕೇಳುತ್ತದೆ. ಕೆಮ್ಮಿನ ಪೆಪ್ಪರ್‌ಮಿಂಟ್ ಇದ್ದರೆ ಕಾಗದ ಮೊದಲೇ ಬಿಚ್ಚಿ ಕರವಸ್ತ್ರದಲ್ಲಿಟ್ಟುಕೊಳ್ಳಿ. ಕೋಟು, ದೊಡ್ಡ ಚೀಲ ‘ಗಾರ್ಡೆರೋಬೆ’ಯಲ್ಲಿ ಕೊಡಬೇಕು, ಚಿಲ್ಲರೆ ಇರಲಿ. ಒಳಗೆ ಸೆಕೆ, ಸ್ವೆಟರ್‌ಗಿಂತ ಶಾಲು ಅನುಕೂಲ. ತಡವಾಗಿ ಬಂದವರನ್ನು ಒಂದು ಕೃತಿ ಮುಗಿಯುವವರೆಗೆ ಒಳಗೆ ಬಿಡುವುದಿಲ್ಲ. ರಾಮನವಮಿ ಕಚೇರಿಯಂತೆ ನಡುವೆ ಎದ್ದು ಕಾಫಿ ಕುಡಿದು ಬರುವ ಪದ್ಧತಿಯೂ ಇಲ್ಲ. ಒಂದು ಕೃತಿಗೆ ಮೂರೋ ನಾಲ್ಕೋ ಭಾಗಗಳು, ಭಾಗಗಳ ನಡುವೆ ಮೌನ ಬರುತ್ತದೆ. ಆಗ ಚಪ್ಪಾಳೆ ಇಲ್ಲ, ನಿರ್ದೇಶಕರ ಕೈ ಪೂರ್ತಿ ಇಳಿದು ಉಳಿದವರು ಶುರು ಮಾಡಿದ ಮೇಲೆ ಮಾತ್ರ. ತನಿ ಆವರ್ತನ ಮುಗಿಯುತ್ತಲೇ ಚಪ್ಪಾಳೆ ತಟ್ಟಿ ರೂಢಿಯಿರುವ ಕೈಗೆ, ತೊಡೆಯ ಮೇಲೆ ತಾಳ ಹಾಕುವ ಕೈಗೆ ಇದು ಸ್ವಲ್ಪ ಕಷ್ಟದ ಪರೀಕ್ಷೆ. ಬೆರಳಲ್ಲಿ ಎಣಿಸಿಕೊಂಡರೆ ಯಾರದ್ದೂ ತಕರಾರಿಲ್ಲ. ನಡುವಿನ ವಿರಾಮ ಸುಮಾರು 20 ನಿಮಿಷ. ಹೆಂಗಸರ ಶೌಚಾಲಯದ ಸಾಲು ಬೇಗ ಬೆಳೆಯುವುದರಿಂದ ಮೊದಲು ಅಲ್ಲಿಗೆ, ಆಮೇಲೆ ಕಾಫಿಗೆ. ಮೆಟ್ರೋ ಶುಕ್ರವಾರ, ಶನಿವಾರ ರಾತ್ರಿಯಿಡೀ ಓಡುತ್ತದೆ, ಮರಳುವ ಚಿಂತೆ ಬೇಡ.

ಭಾನುವಾರ ಬೆಳಿಗ್ಗೆ ಒಂದೇ ಜಾಗ ಸಾಕು. ಮುಜೀಕ್‌ಫೆರೈನ್ ಪಕ್ಕದ ಷ್ವಾರ್ಟ್ಸನ್‌ಬೆರ್ಗ್‌ಪ್ಲಾಟ್ಸ್‌ನಿಂದ 71ನೇ ಟ್ರಾಮ್ ಹಿಡಿದರೆ ಕೂತಲ್ಲೇ ಊರು ನೋಡಿಕೊಂಡು ಕೇಂದ್ರ ಸ್ಮಶಾನದ ಎರಡನೇ ಬಾಗಿಲು, ‘ಟೋರ್ 2’ ತಲುಪಬಹುದು. ಅಲ್ಲಿಂದ ಸಮತಟ್ಟು ದಾರಿಯಲ್ಲಿ ಸ್ವಲ್ಪ ನಡೆದರೆ 32ಎ ಗುಂಪಿನಲ್ಲಿ ಬೀಥೋವನ್, ಶೂಬರ್ಟ್, ಬ್ರಾಮ್ಸ್ ಅಕ್ಕಪಕ್ಕ ಮಲಗಿದ್ದಾರೆ. ನಡುವಿನ ಮೊಜಾರ್ಟ್ ಕಲ್ಲು ಸ್ಮಾರಕ ಮಾತ್ರ, ಅವನನ್ನು ಹೂತದ್ದು ಸೇಂಟ್ ಮಾರ್ಕ್ಸ್‌ನಲ್ಲಿ. ಹಿಂದಿನ ಸಂಜೆ ಕೇಳಿದ್ದು ಇವರಲ್ಲೊಬ್ಬರ ಕೃತಿಯಾಗಿದ್ದರೆ ಅರಮನೆಗಿಂತ ಈ ಭೇಟಿ ತಂದೆಯವರಿಗೆ ಹಿಡಿಸೀತು. ನವೆಂಬರ್ 1ರ ಆಸುಪಾಸಾದರೆ ಬಿಡಿ, ಊರೇ ಅಲ್ಲಿರುತ್ತದೆ. ಸ್ಮಶಾನಕ್ಕೆ ಅಮ್ಮನವರ ಆಕ್ಷೇಪವಿದ್ದರೆ ಕಾರ್ಲ್ಸ್‌ಕಿರ್ಖೆ ಚರ್ಚಿನ ಮುಂದಿನ ಕೊಳದ ಬಳಿ ಕೂತು ಹೊತ್ತು ಕಳೆಯಿರಿ.

ವಾಪಸ್ ರೈಲು ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗಿನದ್ದಿರಲಿ. ಜರ್ಮನಿಯ ಷೆಂಗೆನ್ ವೀಸಾ ಆಸ್ಟ್ರಿಯಾಕ್ಕೂ ನಡೆಯುತ್ತದೆ, ಏಕಪ್ರವೇಶದ್ದಾದರೂ ಈ ಪ್ರಯಾಣ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಸಾಲ್ಜ್‌ಬರ್ಗ್ ದಾಟುತ್ತಿದ್ದ ಹಾಗೆ ಜರ್ಮನ್ ಪೊಲೀಸರು ರೈಲಿನಲ್ಲಿ ಕಾಗದ ಕೇಳುವುದುಂಟು. ಅಪ್ಪ-ಅಮ್ಮನ ಮೂಲ ಪಾಸ್‌ಪೋರ್ಟ್, ನಿಮ್ಮ ಪಾಸ್‌ಪೋರ್ಟ್ ಮತ್ತು ವಾಸಪರವಾನಗಿ ಕಾರ್ಡು ಕೈಚೀಲದಲ್ಲೇ ಇರಲಿ, ಮೇಲಿನ ಅಟ್ಟದ ಸೂಟ್‌ಕೇಸಿನಲ್ಲಲ್ಲ. ಫೋನಿನಲ್ಲಿರುವ ಫೋಟೋವನ್ನು ಅವರು ಒಪ್ಪುವುದಿಲ್ಲ.